ಹಾರ್ಲೆಮ್‌ನ ರ‍್ಯಾಪರ್, ಹಾಡಿನ ಒಡೆತನ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಬೇರೊಂದು ಪ್ರಶ್ನೆಗೆ ಉತ್ತರಿಸುವಾಗ ನ್ಯೂಯಾರ್ಕಿನ ರ‍್ಯಾಪರ್ ಇಮ್ಮಾರ್ಟಲ್ ಟೆಕ್ನಿಕ್ ಹೆಸರನ್ನು ಪ್ರಸ್ತಾಪಿಸಿದ್ದೆ. ದೊಡ್ಡ ಸಂಗೀತ ಕಂಪನಿಗಳ ಹಂಗಿಗೆ ಬೀಳದೆ ರಾಜಕೀಯ ಹಾಡನ್ನೇ ವೃತ್ತಿಯಾಗಿಸಿಕೊಂಡವನು ಎಂದಷ್ಟೇ ಹೇಳಿ ಮುಂದೆ ಹೋಗಿದ್ದೆ. ಆ ಒಂದು ವಾಕ್ಯದ ಬಗ್ಗೆ ಬಂದಿರುವ ಪತ್ರಗಳು ಈ ಪುಟಗಳನ್ನು ತುಂಬಿಸುವಷ್ಟಿವೆ. ಉಳಿದ ವಿಷಯಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಕಾದಿರಿಸಿ, ಈ ಸಲ ಅವುಗಳಿಗಷ್ಟೇ ಉತ್ತರಿಸುತ್ತೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ರ‍್ಯಾಪ್ ಎಂದರೆ ಕಾರು, ಚಿನ್ನದ ಸರ ಮತ್ತು ಅಬ್ಬರ ಎಂದೇ ತಿಳಿದವನು. ನೀವು ಹೆಸರಿಸಿದ ವ್ಯಕ್ತಿ ಯಾರು, ಎಲ್ಲಿಯವನು? (ಮೈಸೂರಿನ ಓದುಗರು)

ಉತ್ತರ: ಆತನ ಹುಟ್ಟು ಹೆಸರು ಫೆಲಿಪೆ ಆಂದ್ರೆಸ್ ಕೊರೊನೆಲ್. 1978ರ ಫೆಬ್ರುವರಿ 19ರಂದು ಪೆರು ದೇಶದ ರಾಜಧಾನಿ ಲಿಮಾದಲ್ಲಿ ಹುಟ್ಟಿದ. 1980ರಲ್ಲಿ ಅವನ ಕುಟುಂಬ ನ್ಯೂಯಾರ್ಕಿನ ಹಾರ್ಲೆಮ್‌ಗೆ ವಲಸೆ ಬಂತು. ಪೆರುವಿನಲ್ಲಿ 'ಶೈನಿಂಗ್ ಪಾತ್' ಎಂಬ ಮಾವೋವಾದಿ ಗುಂಪು ಸಶಸ್ತ್ರ ಹೋರಾಟ ಆರಂಭಿಸಿದ್ದೂ ಅದೇ ವರ್ಷ. ಆ ಗುಂಪಿಗೂ ಸರ್ಕಾರಿ ಸೈನ್ಯಕ್ಕೂ ನಡುವೆ ಎರಡು ದಶಕ ನಡೆದ ಹಿಂಸೆಯಲ್ಲಿ ಸುಮಾರು 69,000 ಜನ ಸತ್ತರು ಅಥವಾ ಕಾಣೆಯಾದರು ಎಂದು ಆ ದೇಶದ ಸತ್ಯ ಮತ್ತು ಸಂಧಾನ ಆಯೋಗ 2003ರಲ್ಲಿ ಅಂದಾಜಿಸಿತು. ಸತ್ತವರಲ್ಲಿ ನಾಲ್ವರಲ್ಲಿ ಮೂವರು ಕ್ವೆಚುವಾ ಅಥವಾ ಬೇರೆ ಮೂಲನಿವಾಸಿ ಭಾಷೆಗಳನ್ನು ಮಾತನಾಡುವವರಾಗಿದ್ದರು. ಈತನ ಹಾಡುಗಳಲ್ಲಿ ಲ್ಯಾಟಿನ್ ಅಮೆರಿಕದ ಮೂಲನಿವಾಸಿಗಳು ಮತ್ತೆ ಮತ್ತೆ ಬರುವುದಕ್ಕೆ ಇದು ಹಿನ್ನೆಲೆ.

ಹಾರ್ಲೆಮ್‌ನ ಬಡ ಹುಡುಗ ಎಂಬ ಸಿದ್ಧ ಚಿತ್ರಕ್ಕೆ ಈತ ಪೂರ್ತಿ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಪ್ರವೇಶ ಪರೀಕ್ಷೆ ಬರೆದು ಗೆದ್ದ ಜಾಣ ಮಕ್ಕಳಿಗಷ್ಟೇ ಸೀಟು ಸಿಗುವ ಹಂಟರ್ ಕಾಲೇಜ್ ಹೈಸ್ಕೂಲಿನಲ್ಲಿ ಓದಿದವನು. ಮುಂದೆ ಅಮೆರಿಕದ ರಂಗಭೂಮಿಯಲ್ಲಿ ರ‍್ಯಾಪ್ ನಾಟಕದಿಂದ ಹೆಸರಾದ ಲಿನ್-ಮ್ಯಾನುಯೆಲ್ ಮಿರಾಂಡಾ ಅದೇ ಶಾಲೆಯಲ್ಲಿ ಅವನಿಗಿಂತ ಕಿರಿಯ. ಶಾಲೆಯಲ್ಲಿ ಈತ ತನ್ನನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದ್ದನೆಂದು ಮಿರಾಂಡಾ ನಗುತ್ತಲೇ ಹೇಳಿಕೊಂಡಿದ್ದಾನೆ; ಅನಂತರ ಅವರಿಬ್ಬರೂ ಗೆಳೆಯರಾದರು. ಆ ಹೊಡೆದಾಟದ ಸ್ವಭಾವ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯಕ್ಕೆ ಹೋದ ಮೇಲೂ ಬಿಡಲಿಲ್ಲ. ಹಲ್ಲೆ ಪ್ರಕರಣದಲ್ಲಿ ಶಿಕ್ಷೆಯಾಗಿ ಸುಮಾರು ಒಂದು ವರ್ಷ ಜೈಲಿನಲ್ಲಿದ್ದು, 1999ರಲ್ಲಿ ಪೆರೋಲ್ ಮೇಲೆ ಹೊರಬಂದ. ಹಾಡುಗಳನ್ನು ಗಂಭೀರವಾಗಿ ಬರೆಯಲು ಆರಂಭಿಸಿದ್ದು ಆ ಅವಧಿಯಲ್ಲಿ. ಹೊರಬಂದ ಮೇಲೆ ನ್ಯೂಯಾರ್ಕಿನ ಬರೂಕ್ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಕೆಲವು ತರಗತಿಗಳಿಗೆ ಹೋಗುತ್ತ, ಸಂಜೆ ಹೊತ್ತು ರ‍್ಯಾಪ್ ಬ್ಯಾಟಲ್‌ಗಳಲ್ಲಿ ಸ್ಪರ್ಧಿಸತೊಡಗಿದ. ಇಬ್ಬರು ಎದುರುಬದುರು ನಿಂತು, ಆ ಕ್ಷಣಕ್ಕೆ ಹೊಳೆದ ಪ್ರಾಸಗಳಲ್ಲಿ ಒಬ್ಬರನ್ನೊಬ್ಬರು ಹೀಯಾಳಿಸಿ, ನೆರೆದವರ ಕೂಗಿನಿಂದ ಗೆಲುವು ತೀರ್ಮಾನವಾಗುವ ಪಂದ್ಯಗಳಿವು. ಅವುಗಳಲ್ಲಿ ಗೆದ್ದ ಹಣವನ್ನು ಹಾಕಿ 2001ರಲ್ಲಿ 'ರೆವಲ್ಯೂಷನರಿ ವಾಲ್ಯೂಮ್ 1' ಎಂಬ ಮೊದಲ ಆಲ್ಬಮನ್ನು ತಾನೇ ಹೊರತಂದು, ನ್ಯೂಯಾರ್ಕಿನ ಬೀದಿಗಳಲ್ಲಿ ನಿಂತು ಕೈಯಾರೆ ಮಾರಿದ. 2003ರಲ್ಲಿ ಅದರ ಎರಡನೆಯ ಭಾಗ, 2008ರಲ್ಲಿ ಡಿಜೆ ಗ್ರೀನ್ ಲ್ಯಾಂಟರ್ನ್ ಜೊತೆಗೂಡಿ 'ದಿ ಥರ್ಡ್ ವರ್ಲ್ಡ್', 2011ರಲ್ಲಿ ಉಚಿತವಾಗಿ ಹಂಚಿದ 'ದಿ ಮಾರ್ಟರ್' ಬಂದವು. ವೃತ್ತಿಯ ಹೊರರೇಖೆ ಇಷ್ಟು.

ಪ್ರಶ್ನೆ: ಅಷ್ಟು ಪ್ರತಿಭೆ ಇದ್ದವನು ದೊಡ್ಡ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿದ್ದರೆ ಅವನ ಮಾತು ಇನ್ನೂ ಹೆಚ್ಚು ಜನರನ್ನು ತಲುಪುತ್ತಿರಲಿಲ್ಲವೇ? ಬೀದಿಯಲ್ಲಿ ಸಿಡಿ ಮಾರುವುದು ಆದರ್ಶವೋ, ಅನಿವಾರ್ಯವೋ? (ಶಿವಮೊಗ್ಗದ ಓದುಗರು)

ಉತ್ತರ: ಈ ವೃತ್ತಿಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡಿರುವುದೇ ನೀವು ಕೇಳಿದ ವಿಷಯ. ಆದ್ದರಿಂದ ಸ್ವಲ್ಪ ದೀರ್ಘವಾಗಿ ಉತ್ತರಿಸುತ್ತೇನೆ.

ಆ ಕಾಲದ ಅಮೆರಿಕದಲ್ಲಿ ಹೊಸ ಕಲಾವಿದನೊಬ್ಬ ದೊಡ್ಡ ಕಂಪನಿಗೆ ಸಹಿ ಹಾಕಿದರೆ ಏನಾಗುತ್ತಿತ್ತು ಎಂಬುದನ್ನು ಮೊದಲು ನೋಡಬೇಕು. ಕಂಪನಿ ಮುಂಗಡ ಕೊಡುತ್ತದೆ. ಅದು ಬಹುಮಾನವಲ್ಲ, ಮುಂದೆ ಬರುವ ರಾಯಲ್ಟಿಯಿಂದ, ಅಂದರೆ ಮಾರಾಟದಲ್ಲಿ ಕಲಾವಿದನಿಗೆ ಸಲ್ಲುವ ಪಾಲಿನಿಂದ, ಮುರಿದುಕೊಳ್ಳುವ ಸಾಲ. ಸ್ಟುಡಿಯೋ ಬಾಡಿಗೆಯೂ, ಬಹುತೇಕ ಒಪ್ಪಂದಗಳಲ್ಲಿ ವಿಡಿಯೋ ಖರ್ಚಿನ ಒಂದು ಪಾಲೂ ಕಲಾವಿದನ ಲೆಕ್ಕಕ್ಕೇ ಬೀಳುತ್ತದೆ. ಹೊಸಬನ ರಾಯಲ್ಟಿ ಸಾಮಾನ್ಯವಾಗಿ ಶೇ 12ರಿಂದ 15ರ ಆಸುಪಾಸು. ಇದು ಈತನ ಲೆಕ್ಕಪತ್ರವಲ್ಲ, ತಿಳಿವಳಿಕೆಗಾಗಿ ಒಂದು ಉದಾಹರಣೆ: ಒಟ್ಟು ಸಾಲ 2 ಲಕ್ಷ ಡಾಲರ್, ಒಂದು ಸಿಡಿಗೆ ಕಲಾವಿದನ ಪಾಲು ಒಂದೂವರೆ ಡಾಲರ್ ಎಂದುಕೊಳ್ಳೋಣ. 1.33 ಲಕ್ಷ ಸಿಡಿಗಳು ಮಾರಾಟವಾಗುವವರೆಗೆ ಆ ಕಲಾವಿದನ ಕೈಗೆ ರಾಯಲ್ಟಿಯ ಒಂದು ಡಾಲರೂ ಬರುವುದಿಲ್ಲ. ಸಾಲವೆಲ್ಲ ತೀರಿದ ಮೇಲೂ ಮಾಸ್ಟರ್, ಅಂದರೆ ಮೂಲ ಧ್ವನಿಮುದ್ರಿಕೆಯ ಹಕ್ಕು, ಕಂಪನಿಯದಾಗಿಯೇ ಉಳಿಯುತ್ತದೆ. ಸಾಲದ ಹಣದಲ್ಲಿ ಕಟ್ಟಿದ ಮನೆಯ ಕಂತು ಪೂರ್ತಿ ಕಟ್ಟಿದ ಮೇಲೂ ಪಹಣಿಯಲ್ಲಿ ಸಾಲ ಕೊಟ್ಟವನ ಹೆಸರೇ ಇರುವ ವ್ಯವಸ್ಥೆ ಇದು. ಇನ್ನೊಂದು ಕಡೆ, ತಯಾರಿಸಲು ಒಂದು ಡಾಲರ್ ತಗಲುವ ಸಿಡಿಯನ್ನು ಬೀದಿಯಲ್ಲಿ ಐದು ಡಾಲರಿಗೆ ಮಾರುವವನಿಗೆ 10,000 ಸಿಡಿಗಳಿಂದ 40,000 ಡಾಲರ್ ಉಳಿಯುತ್ತದೆ, ಹಾಡೂ ಅವನದಾಗಿಯೇ ಇರುತ್ತದೆ. ಹೀಗಾಗಿ ಬೀದಿಯಲ್ಲಿ ಮಾರುವುದು ಬರಿಯ ಆದರ್ಶವಲ್ಲ, ಸರಿಯಾದ ವ್ಯಾಪಾರದ ಲೆಕ್ಕವೂ ಹೌದು. ಈ ಲೆಕ್ಕವನ್ನು ಆತ ಮುಚ್ಚಿಡಲಿಲ್ಲ. ಎರಡನೆಯ ಆಲ್ಬಮಿನಲ್ಲಿ ಸಂಗೀತೋದ್ಯಮದ ಶೋಷಣೆಯನ್ನೇ ಹಾಡಿನ ವಸ್ತುವಾಗಿಸಿದ.

ಇನ್ನು ಹೆಚ್ಚು ಜನರನ್ನು ತಲುಪುವ ಮಾತು. ಅದಕ್ಕೆ ರೇಡಿಯೋ ಬೇಕಿತ್ತು. 1996ರಲ್ಲಿ ಅಮೆರಿಕದ ಹೊಸ ದೂರಸಂಪರ್ಕ ಕಾಯ್ದೆ, ಒಂದೇ ಕಂಪನಿ ದೇಶದಲ್ಲಿ ಎಷ್ಟು ರೇಡಿಯೋ ಕೇಂದ್ರಗಳನ್ನು ಹೊಂದಬಹುದು ಎಂಬ ಮಿತಿಯನ್ನು ತೆಗೆದುಹಾಕಿತು. ಅಲ್ಲಿಯವರೆಗೆ ಸುಮಾರು 40 ಕೇಂದ್ರಗಳಿದ್ದ 'ಕ್ಲಿಯರ್ ಚಾನೆಲ್' ಕೆಲವೇ ವರ್ಷಗಳಲ್ಲಿ 1,200ಕ್ಕೂ ಹೆಚ್ಚು ಕೇಂದ್ರಗಳ ಒಡೆತನ ಪಡೆಯಿತು. ಊರೂರಿನ ಕೇಂದ್ರದಲ್ಲಿ ಕುಳಿತು ತನಗೆ ಇಷ್ಟವಾದ ಸ್ಥಳೀಯ ಹಾಡನ್ನು ಹಾಕುತ್ತಿದ್ದ ನಿರೂಪಕನ ಅಧಿಕಾರ ಕಡಿಮೆಯಾಗಿ, ಹಾಡುಗಳ ಪಟ್ಟಿ ಮೇಲಿನಿಂದ ಇಳಿದು ಬರತೊಡಗಿತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರದ ದಿನಗಳಲ್ಲಿ ಇದೇ ಸಮೂಹದ ಒಳಗೆ ಪ್ರಸಾರಕ್ಕೆ ಸೂಕ್ತವಲ್ಲವೆಂದು ಭಾವಿಸಲಾದ ಸುಮಾರು 165 ಹಾಡುಗಳ ಪಟ್ಟಿಯೊಂದು ಓಡಾಡಿತು. 'ರೇಜ್ ಅಗೇನ್‌ಸ್ಟ್ ದ ಮಷಿನ್' ಎಂಬ ಎಡಪಂಥೀಯ ತಂಡದ ಎಲ್ಲ ಹಾಡುಗಳೂ ಅದರಲ್ಲಿದ್ದವು. ಅದು ಕಡ್ಡಾಯ ನಿಷೇಧವಾಗಿರಲಿಲ್ಲ, ನಿಜ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದನ್ನು ಅರಿಯಲು ಒಬ್ಬ ನಿಲಯ ವ್ಯವಸ್ಥಾಪಕನಿಗೆ ಅಷ್ಟು ಸಾಕು. ಇಮ್ಮಾರ್ಟಲ್ ಟೆಕ್ನಿಕ್‌ನ ಎರಡನೆಯ ಆಲ್ಬಮ್ ಬಂದದ್ದು 2003ರ ನವೆಂಬರಿನಲ್ಲಿ, ಅಮೆರಿಕದ ಸೈನ್ಯ ಇರಾಕಿಗೆ ನುಗ್ಗಿದ ಎಂಟು ತಿಂಗಳಿಗೆ. ಆ ಯುದ್ಧವನ್ನೂ ಅದನ್ನು ಬೆಂಬಲಿಸಿದ ಮಾಧ್ಯಮಗಳನ್ನೂ ಹೆಸರು ಹಿಡಿದು ಬಯ್ಯುವ ಹಾಡುಗಳು ಅದರಲ್ಲಿದ್ದವು. ಪೊಲೀಸ್ ಅಧಿಕಾರಿಯ ಕೊಲೆಯ ಆರೋಪದಲ್ಲಿ ಶಿಕ್ಷೆಗೊಳಗಾಗಿ ಜೈಲಿನಲ್ಲಿರುವ ಪತ್ರಕರ್ತ ಮುಮಿಯಾ ಅಬು-ಜಮಾಲ್‌ನ ಧ್ವನಿಯಿಂದಲೇ ಆ ಆಲ್ಬಮ್ ತೆರೆದುಕೊಳ್ಳುತ್ತಿತ್ತು. ಯಾವ ದೊಡ್ಡ ಕಂಪನಿ ಅದನ್ನು ಹಾಗೆಯೇ ಬಿಡುಗಡೆ ಮಾಡುತ್ತಿತ್ತು?

ಹಾಗೆಂದು ಬಾಗಿಲುಗಳೆಲ್ಲ ಮುಚ್ಚಿದ್ದವು ಎಂದು ಹೇಳಿದರೆ ತಪ್ಪಾಗುತ್ತದೆ. ಹಿಪ್‌ಹಾಪ್ ಲೋಕದ ಪ್ರಮುಖ ಪತ್ರಿಕೆಯಾಗಿದ್ದ 'ದಿ ಸೋರ್ಸ್' 2002ರಲ್ಲಿ, ಇನ್ನೂ ಒಪ್ಪಂದವಿಲ್ಲದ ಕಲಾವಿದರನ್ನು ಪರಿಚಯಿಸುವ ತನ್ನ ಅಂಕಣದಲ್ಲಿ ಈತನನ್ನು ಪರಿಚಯಿಸಿತು. ಹಿಂದೆ ನಟೋರಿಯಸ್ ಬಿ.ಐ.ಜಿ. ಮತ್ತು ಎಮಿನೆಮ್ ಅಂಥವರು ಅದೇ ಅಂಕಣದಲ್ಲಿ ಕಾಣಿಸಿಕೊಂಡು ಬೇಗನೆ ದೊಡ್ಡ ಒಪ್ಪಂದಗಳಿಗೆ ಸಹಿ ಹಾಕಿದ್ದರು. ಈತ ಹಾಕಲಿಲ್ಲ, ವೈಪರ್ ರೆಕಾರ್ಡ್ಸ್ ಎಂಬ ಸಣ್ಣ ಸಂಸ್ಥೆಯ ಜೊತೆಯೇ ಉಳಿದ.

ಇಲ್ಲೊಂದು ಎಚ್ಚರಿಕೆಯ ಮಾತು. ಸ್ವಂತ ಒಡೆತನ ತಾನಾಗಿಯೇ ಪ್ರಗತಿಪರ ರಾಜಕೀಯವಾಗುವುದಿಲ್ಲ. ಈತನಿಗಿಂತ ಮೊದಲೇ, 1996ರಲ್ಲಿ, ನ್ಯೂ ಆರ್ಲಿಯನ್ಸ್ ಮೂಲದ ರ‍್ಯಾಪರ್ ಮಾಸ್ಟರ್ ಪಿ ತನ್ನ ಮಾಸ್ಟರ್‌ಗಳನ್ನು ತನ್ನಲ್ಲೇ ಉಳಿಸಿಕೊಂಡು, ಆದಾಯದ ಶೇ 85ರಷ್ಟು ತನಗೇ ಬರುವಂತೆ ವಿತರಣೆಯ ಒಪ್ಪಂದ ಮಾಡಿಕೊಂಡಿದ್ದ. ಆತ ಹಾಡಿದ್ದು ಬಹುಮಟ್ಟಿಗೆ ಹಣ ಮತ್ತು ಮಾದಕವಸ್ತುವಿನ ವ್ಯಾಪಾರವನ್ನು. ಓಕ್‌ಲ್ಯಾಂಡಿನ ಟೂ ಶಾರ್ಟ್ 1980ರ ದಶಕದಲ್ಲೇ ಕಾರಿನ ಡಿಕ್ಕಿಯಲ್ಲಿ ಕ್ಯಾಸೆಟ್ ತುಂಬಿಕೊಂಡು ಮಾರುತ್ತಿದ್ದ. ಅವನ ಹಾಡುಗಳನ್ನು ಯಾರೂ ಕ್ರಾಂತಿಗೀತೆ ಎನ್ನುವುದಿಲ್ಲ. ಇಮ್ಮಾರ್ಟಲ್ ಟೆಕ್ನಿಕ್‌ನ ವಿಶೇಷ ಬೇರೆ ಕಡೆ ಇದೆ. ವಸಾಹತುಶಾಹಿಯ ಬಗ್ಗೆ, ಒಂದು ದೇಶದ ಗಣಿ ಮತ್ತು ಹೊಲ ಇನ್ನೊಂದು ದೇಶದ ಕೈಗೆ ಹೋಗುವುದರ ಬಗ್ಗೆ ಹಾಡುವವನು ತನ್ನ ಹಾಡಿನ ಮೇಲಿನ ಹಕ್ಕನ್ನು ಬೇರೆಯವರಿಗೆ ಬರೆದುಕೊಡಬಾರದು ಎಂದು ಆತ ನಂಬಿದ, ಅದರಂತೆ ನಡೆದ. ವಸ್ತುವೂ ವ್ಯಾಪಾರವೂ ಒಂದೇ ತತ್ತ್ವಕ್ಕೆ ಬದ್ಧವಾಗಿರುವ ಇಂಥ ವೃತ್ತಿಗಳು ಹಿಪ್‌ಹಾಪ್‌ನಲ್ಲಿ ವಿರಳ. 1980ರ ದಶಕದ ಕೊನೆಯಲ್ಲಿ ಅಮೆರಿಕವನ್ನು ನಡುಗಿಸಿದ ಪಬ್ಲಿಕ್ ಎನಿಮಿ ಎಂಬ ರ‍್ಯಾಪ್ ತಂಡ ಕೂಡ ದೊಡ್ಡ ವಿತರಣಾ ಜಾಲದ ಮೂಲಕವೇ ಮನೆಮನೆ ತಲುಪಿತ್ತು. ಅವರ ದಾರಿ ತಪ್ಪೆಂದು ನಾನು ಹೇಳುತ್ತಿಲ್ಲ. ಅವರ ಕಾಲದ ಕಂಪನಿಗಳಿಗೆ ಆ ಸಿಟ್ಟನ್ನೂ ಮಾರಬಹುದೆಂಬ ಧೈರ್ಯವಿತ್ತು, 2003ರಲ್ಲಿ ಅದು ಉಳಿದಿರಲಿಲ್ಲ.

ಪ್ರಶ್ನೆ: ನಮ್ಮಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯ ಕಾಲದಲ್ಲಿ ಮೆರವಣಿಗೆಗಳಲ್ಲಿ ಹಾಡಿದ ಹೋರಾಟದ ಹಾಡುಗಳಿಗೂ ಈ ರ‍್ಯಾಪಿಗೂ ಹೋಲಿಕೆ ಇದೆಯೇ? ಅಥವಾ ಇದು ಘೋಷಣೆಗೆ ತಾಳ ಹಾಕಿದ್ದೋ? (ಕಲಬುರಗಿಯ ಕಾಲೇಜು ಅಧ್ಯಾಪಕರು)

ಉತ್ತರ: ಉದ್ದೇಶದಲ್ಲಿ ಹೋಲಿಕೆ ಇದೆ, ರಚನೆಯಲ್ಲಿ ಇಲ್ಲ. 1979ರಲ್ಲಿ ಹುಟ್ಟಿದ ಬಂಡಾಯ ಸಂಘಟನೆಯ ಸುತ್ತಮುತ್ತ, ದಲಿತ ಚಳವಳಿಯ ಸಭೆಗಳಲ್ಲಿ, ಸಿದ್ಧಲಿಂಗಯ್ಯನವರ ಪದ್ಯಗಳನ್ನು ನೂರು ಕಂಠಗಳು ಒಟ್ಟಾಗಿ ಹಾಡುತ್ತಿದ್ದವು. ಹಾಡುವವರಲ್ಲಿ ಎಷ್ಟೋ ಮಂದಿಗೆ ಬರೆದವರು ಯಾರೆಂಬುದೂ ಗೊತ್ತಿರುತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ತಮಟೆಗೆ ಹೊಂದಿಕೊಳ್ಳುವ ಚಿಕ್ಕ ಸಾಲು, ಪಲ್ಲವಿಯ ಮರುಕಳಿಕೆ, ಎಲ್ಲರಿಗೂ ಬಾಯಿಗೆ ಬರುವ ಮಾತು, ಇವೆಲ್ಲ ಗುಂಪಿಗಾಗಿಯೇ ಮಾಡಿದವು. ರ‍್ಯಾಪ್ ಒಂಟಿ ಕಂಠದ ಕಲೆ. ಅಲ್ಲಿ 'ನಾನು' ಎಂಬ ಪದ ಬಹಳ ದೊಡ್ಡದು. ಒಂದು ನಿಮಿಷದಲ್ಲಿ ನೂರೈವತ್ತು ಪದ ನುಗ್ಗಿಸುವ ಆ ವೇಗಕ್ಕೆ ಗುಂಪು ದನಿಗೂಡಿಸಲಾರದು, ಕೇಳಿ ತಲೆಯಾಡಿಸಬಹುದು ಅಷ್ಟೆ. ಇಮ್ಮಾರ್ಟಲ್ ಟೆಕ್ನಿಕ್‌ಗೆ ನಿಜವಾದ ಹಿರಿಯರು ಅವನದೇ ಹಾರ್ಲೆಮ್‌ನಲ್ಲಿದ್ದರು. 1968ರ ಮೇ 19ರಂದು, ಕಪ್ಪು ಜನರ ಹೋರಾಟದ ನಾಯಕ ಮಾಲ್ಕಮ್ ಎಕ್ಸ್ ಹುಟ್ಟಿದ ದಿನ, ಅಲ್ಲಿನ ಪಾರ್ಕೊಂದರಲ್ಲಿ ಡೋಲು ಬಾರಿಸುತ್ತ ಪದ್ಯ ಹೇಳಿದ 'ದ ಲಾಸ್ಟ್ ಪೊಯೆಟ್ಸ್' ಎಂಬ ಕಪ್ಪು ಯುವಕರ ತಂಡವನ್ನು ರ‍್ಯಾಪಿನ ಪೂರ್ವಜರೆಂದು ಗುರುತಿಸುವುದು ವಾಡಿಕೆ.

ಘೋಷಣೆಯ ಆಕ್ಷೇಪಕ್ಕೆ ಬರುತ್ತೇನೆ. ಆತನ ಕೆಲವು ಹಾಡುಗಳು ಘೋಷಣೆಯಾಗಿಯೇ ನಿಂತುಬಿಡುತ್ತವೆ; ಒಂದರ ಮೇಲೊಂದು ದೇಶದ ಹೆಸರು, ಯುದ್ಧದ ಹೆಸರು ಪೇರಿಸಿ, ಯಾವುದನ್ನೂ ವಿವರಿಸದೆ ಮುಗಿಯುತ್ತವೆ. ಆದರೆ ಎರಡನೆಯ ಆಲ್ಬಮಿನಲ್ಲಿ ಕೊಕೇನ್ ವ್ಯಾಪಾರದ ಬಗ್ಗೆ ಒಂದು ಹಾಡಿದೆ, ಅದನ್ನು ಕೇಳಿ ನೋಡಿ. ಏಳು ಮಂದಿ ರ‍್ಯಾಪರ್‌ಗಳು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಬರುತ್ತಾರೆ. ಪೆರುವಿನ ಹೊಲದಲ್ಲಿ ಕೋಕಾ ಎಲೆ ಕೀಳುವ ಕೂಲಿಯವನಿಂದ ಆರಂಭವಾಗಿ, ಅವನ ಒಡೆಯ, ಆ ದೇಶವನ್ನು ಆಳುವವನು, ಅಮೆರಿಕದ ಬೀದಿಯಲ್ಲಿ ಮಾರುವವನು, ವೇಷ ಮರೆಸಿದ ಪೊಲೀಸು, ಹೀಗೆ ಸಾಗಿ ಜೈಲಿನಲ್ಲಿರುವ ಕೈದಿಯ ಮಾತಿನಲ್ಲಿ ಹಾಡು ಮುಗಿಯುತ್ತದೆ. ಯಾರೂ ಯಾರನ್ನೂ ಖಂಡಿಸುವುದಿಲ್ಲ. ಪ್ರತಿಯೊಬ್ಬನೂ ತನ್ನ ನೆಲೆಯಿಂದ ತಾನೇಕೆ ಹೀಗೆ ಮಾಡುತ್ತೇನೆಂದು ಹೇಳುತ್ತಾನೆ, ಕೇಳುಗನಿಗೆ ಒಂದು ಸರಕಿನ ಇಡೀ ಪ್ರಯಾಣ ಕಾಣಿಸುತ್ತದೆ. ನಾಟಕಕಾರನ ಕೆಲಸ ಇದು. ಜೈಲಿಗೆ ಹೋಗುವವನು ಕೊನೆಯ ಕೊಂಡಿ ಮಾತ್ರ ಎಂಬುದನ್ನು ಪ್ರಬಂಧ ಬರೆದು ಹೇಳುವುದಕ್ಕಿಂತ ಇದು ಹೆಚ್ಚು ಮನ ಮುಟ್ಟುತ್ತದೆ.

ಮೊದಲ ಆಲ್ಬಮಿನಲ್ಲಿ ಪ್ರಾಸವಿಲ್ಲದೆ ಬರಿಯ ಮಾತಿನಲ್ಲಿರುವ ಒಂದು ಭಾಗವಿದೆ. 1847ರಲ್ಲಿ ಕಾರ್ಲ್ ಮಾರ್ಕ್ಸ್ ಪ್ರಕಟಿಸಿದ ಒಂದು ಪುಸ್ತಕದ ಶೀರ್ಷಿಕೆಯನ್ನೇ ಅದಕ್ಕೆ ಇಟ್ಟಿದ್ದಾನೆ. ಅಮೆರಿಕದಲ್ಲಿರುವ ಲ್ಯಾಟಿನೋ ವಲಸಿಗರನ್ನು ಉದ್ದೇಶಿಸಿದ ಆ ಮಾತಿನ ಸಾರ ಇಷ್ಟು: ಬಹುಪಾಲು ದುಡಿಯುವ ಬಿಳಿಯರಿಗೂ ತನಗೂ ಇರುವ ಸಾಮ್ಯ, ತನ್ನದೇ ಬಣ್ಣದ ಶ್ರೀಮಂತರಿಗೂ ತನಗೂ ಇರುವುದಕ್ಕಿಂತ ಹೆಚ್ಚು. ಬಣ್ಣದ ರಾಜಕೀಯವೇ ಸರ್ವಸ್ವವಾಗಿದ್ದ ಕಡೆ ನಿಂತು 2001ರಲ್ಲಿ ಇದನ್ನು ಹೇಳಲು ಧೈರ್ಯ ಬೇಕಿತ್ತು. ಜಾತಿ ಮತ್ತು ವರ್ಗದ ಬಗ್ಗೆ ಕನ್ನಡದಲ್ಲಿ ಐವತ್ತು ವರ್ಷಗಳಿಂದ ನಡೆದಿರುವ ವಾಗ್ವಾದ ಬಲ್ಲ ನಿಮ್ಮ ವಿದ್ಯಾರ್ಥಿಗಳಿಗೆ ಇದನ್ನು ಕೇಳಿಸಿ ಚರ್ಚಿಸಬಹುದು. ಅವರು ಒಪ್ಪಬೇಕೆಂದೇನೂ ಇಲ್ಲ, ನಾನೂ ಪೂರ್ತಿ ಒಪ್ಪುವುದಿಲ್ಲ.

ಹಾಡಿನ ಹೊರಗಿನ ಕೆಲಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. 'ದಿ ಥರ್ಡ್ ವರ್ಲ್ಡ್' ಆಲ್ಬಮಿನಿಂದ ಬಂದ ಹಣವನ್ನು ತೊಡಗಿಸಿ, ಒಮೀದ್ ಇಂಟರ್‌ನ್ಯಾಷನಲ್ ಎಂಬ ಸೇವಾಸಂಸ್ಥೆಯ ಜೊತೆಗೂಡಿ, ಅಫ್ಘಾನಿಸ್ತಾನದ ಕಾಬೂಲಿನಲ್ಲಿ ಅನಾಥ ಮಕ್ಕಳಿಗಾಗಿ ಒಂದು ನೆಲೆ ಕಟ್ಟಲು ನೆರವಾದ. ಸ್ವತಃ ಅಲ್ಲಿಗೆ ಹೋಗಿದ್ದ. 2011ರಲ್ಲಿ ನ್ಯೂಯಾರ್ಕಿನ ಜುಕೋಟಿ ಪಾರ್ಕಿನಲ್ಲಿ ಬ್ಯಾಂಕುಗಳ ವಿರುದ್ಧ ಧರಣಿ ಕುಳಿತ 'ಆಕ್ಯುಪೈ' ಚಳವಳಿಗಾರರ ನಡುವೆಯೂ ಕಾಣಿಸಿಕೊಂಡ.

ಪ್ರಶ್ನೆ: ತಾಯಿಯ ಮೇಲೆಯೇ ಘೋರ ಅಪರಾಧ ಎಸಗುವ ಹುಡುಗನೊಬ್ಬನ ಕಥೆ ಹೇಳುವ ಆತನ ಪ್ರಸಿದ್ಧ ಹಾಡು ನಿಜವಾಗಿ ನಡೆದ ಘಟನೆಯೇ? (ಉಡುಪಿಯ ವಿದ್ಯಾರ್ಥಿ)

ಉತ್ತರ: ನಡೆದ ಘಟನೆಯೆಂದು ನಂಬಲು ಆಧಾರವಿಲ್ಲ. ಗುಂಪಿನ ಮೆಚ್ಚುಗೆ ಗಳಿಸಲು ಕತ್ತಲಲ್ಲಿ ಮುಖ ಮುಚ್ಚಿದ ಹೆಂಗಸಿನ ಮೇಲೆ ಎರಗಿ, ಕೊನೆಗೆ ಅವಳು ಯಾರೆಂದು ತಿಳಿಯುವ ಕಥೆ ಅಮೆರಿಕದ ನಗರಗಳಲ್ಲಿ ಬಾಯಿಂದ ಬಾಯಿಗೆ ಓಡಾಡುವ ದಂತಕಥೆಗಳ ಜಾತಿಗೆ ಸೇರಿದ್ದು. ನಿರೂಪಕ ತಾನೂ ಆ ಗುಂಪಿನಲ್ಲಿದ್ದೆ ಎಂದು ಹೇಳಿಕೊಳ್ಳುವುದು ಕಥನದ ತಂತ್ರ. ಹರೆಯದಲ್ಲಿ ಕೇಳಿದವರನ್ನು ಅದು ಬೆಚ್ಚಿಬೀಳಿಸುತ್ತದೆ. ಆದರೂ ಆತನ ಉತ್ತಮ ಹಾಡುಗಳ ಸಾಲಿನಲ್ಲಿ ನಾನು ಇದನ್ನು ಇಡುವುದಿಲ್ಲ, ಹೆಣ್ಣಿನ ಮೇಲಿನ ಹಿಂಸೆ ಇಲ್ಲಿ ಹುಡುಗನ ಪತನಕ್ಕೆ ಒಂದು ಸಾಧನವಾಗಿ ಮಾತ್ರ ಬಳಕೆಯಾಗಿದೆ.

ಪ್ರಶ್ನೆ: ನನ್ನ ಹದಿನೇಳು ವರ್ಷದ ಮಗಳು ಈತನನ್ನು ಕೇಳುತ್ತಾಳೆ. ಹಾಡುಗಳಲ್ಲಿ ಬಯ್ಗುಳ ಬಹಳ. ಅವಳಿ ಗೋಪುರಗಳನ್ನು ಅಮೆರಿಕದ ಅಧ್ಯಕ್ಷರೇ ಬೀಳಿಸಿದರೆಂದು ಅವಳು ವಾದಿಸುತ್ತಾಳೆ. ತಡೆಯಬೇಕೇ? (ಬೆಂಗಳೂರಿನ ಓದುಗರು)

ಉತ್ತರ: ನಿಮ್ಮ ಆತಂಕ ಸಕಾರಣವಾದದ್ದು, ಅಮ್ಮ. ಬ್ಯಾಟಲ್‌ಗಳಲ್ಲಿ ಬೆಳೆದ ರ‍್ಯಾಪರ್‌ಗಳಿಗೆ ಎದುರಾಳಿಯನ್ನು ಅವಮಾನಿಸುವುದೇ ಮೊದಲ ಪಾಠ. ಸಲಿಂಗಕಾಮಿಗಳನ್ನು ಹೀನವಾಗಿ ಕರೆಯುವ ಪದಗಳು ಈತನ ಆರಂಭದ ಹಾಡುಗಳಲ್ಲಿ ಧಾರಾಳವಾಗಿವೆ. ದಮನಿತರ ಪರ ನಿಂತವನು ಇನ್ನೊಂದು ದಮನಿತ ಸಮುದಾಯವನ್ನು ಬಯ್ಗುಳವಾಗಿ ಬಳಸಿಕೊಂಡದ್ದಕ್ಕೆ ಕಾಲಧರ್ಮ ಎಂಬ ಸಮಜಾಯಿಷಿ ಸಾಲದು.

ಗೋಪುರಗಳ ವಿಷಯಕ್ಕೆ ಬಂದರೆ, ನಿಮ್ಮ ಮಗಳು ಹೇಳುತ್ತಿರುವುದು ಮಾಸ್ ಡೆಫ್ ಎಂಬ ಇನ್ನೊಬ್ಬ ರ‍್ಯಾಪರ್ ಜೊತೆ ಈತ 2004ರಲ್ಲಿ ಹಾಡಿದ ಹಾಡನ್ನು. ಅದರೊಳಗೆ ಎರಡು ಬಗೆಯ ಮಾತುಗಳು ಬೆರೆತಿವೆ. 1980ರ ದಶಕದಲ್ಲಿ ಸೋವಿಯತ್ ಸೈನ್ಯದ ವಿರುದ್ಧ ಹೋರಾಡಲು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಪಾಕಿಸ್ತಾನದ ಮೂಲಕ ಅಫ್ಘನ್ ಮುಜಾಹಿದೀನ್ ಗುಂಪುಗಳಿಗೆ ಹಣ ಮತ್ತು ಶಸ್ತ್ರಾಸ್ತ್ರ ಒದಗಿಸಿದ್ದು ದಾಖಲಾದ ಚರಿತ್ರೆ. ದಾಳಿಯನ್ನು ಅಧ್ಯಕ್ಷ ಬುಷ್ ಅವರೇ ಮಾಡಿಸಿದರೆಂಬುದು ಯಾವ ಪುರಾವೆಯೂ ಇಲ್ಲದ ಆರೋಪ. ಮೊದಲನೆಯದು ನಿಜವಾಗಿರುವುದರಿಂದ ಎರಡನೆಯದೂ ನಿಜವಿರಬೇಕೆಂಬ ಭಾವನೆಯನ್ನು ತಾಳ ಹುಟ್ಟಿಸಿಬಿಡುತ್ತದೆ. ಈತನ ಬರವಣಿಗೆಯ ದೊಡ್ಡ ದೌರ್ಬಲ್ಯ ಇದೇ, ಗಟ್ಟಿಯಾದ ಆಧಾರವಿರುವ ವಾದದ ಪಕ್ಕದಲ್ಲೇ ಗಾಳಿಮಾತನ್ನು ಅದೇ ದನಿಯಲ್ಲಿ ಹೇಳುವುದು. ತನ್ನ ವಿರೋಧಿಗಳಿಗೆ ಇಡೀ ಹಾಡನ್ನು ತಳ್ಳಿಹಾಕುವ ಅನುಕೂಲವನ್ನು ಹೀಗೆ ಅವನೇ ಒದಗಿಸಿಕೊಟ್ಟಿದ್ದಾನೆ.

ತಡೆಯಬೇಡಿ, ತಡೆದರೆ ಇಯರ್‌ಫೋನಿನಲ್ಲಿ ಕೇಳುತ್ತಾಳೆ. ಆ ಹಾಡಿನ ಸಾಹಿತ್ಯವನ್ನು ಮುದ್ರಿಸಿಕೊಂಡು, ಪ್ರತಿ ಹೇಳಿಕೆಗೂ ಆಧಾರ ಹುಡುಕಿ ಬರೆಯಲು ಅವಳಿಗೇ ಹೇಳಿ. ಚರಿತ್ರೆ ಓದಲು ಅದಕ್ಕಿಂತ ಒಳ್ಳೆಯ ನೆಪ ಸಿಗಲಾರದು.

ಪ್ರಶ್ನೆ: 2011ರ ನಂತರ ಆತನ ಹೊಸ ಆಲ್ಬಮ್ ಇಲ್ಲ. ಹಾಗಾದರೆ ವೃತ್ತಿ ಸೋತಂತಲ್ಲವೇ? (ದಾವಣಗೆರೆಯ ಓದುಗರು)

ಉತ್ತರ: ಮುಂದಿನ ಆಲ್ಬಮ್ ಬರುತ್ತದೆಂಬ ಮಾತನ್ನು ಅಭಿಮಾನಿಗಳು ವರ್ಷಗಟ್ಟಲೆ ಕೇಳಿ ಬೇಸತ್ತಿರುವುದು ನಿಜ. ಸ್ವತಂತ್ರ ಕಲಾವಿದನಿಗೆ ಗಡುವು ವಿಧಿಸುವ ಯಜಮಾನನಿಲ್ಲ, ಅದರ ಲಾಭವೂ ನಷ್ಟವೂ ಅವನದೇ. ಕಂಪನಿಯಲ್ಲಿದ್ದಿದ್ದರೆ ಎರಡು ವರ್ಷಕ್ಕೊಮ್ಮೆ ಏನಾದರೊಂದು ಹೊರಬರುತ್ತಿತ್ತು, ಬಹುಶಃ ಹೇಳಲು ಏನೂ ಇಲ್ಲದಾಗಲೂ. ಜೊತೆಗೆ ಅವನು ನೆಚ್ಚಿದ್ದ ವ್ಯಾಪಾರದ ಬುಡವೇ ಆ ಹೊತ್ತಿಗೆ ಅಲುಗಾಡಿತ್ತು ಎಂಬುದನ್ನು ಗಮನಿಸಿ. ಸ್ಪಾಟಿಫೈ ಅಮೆರಿಕಕ್ಕೆ ಕಾಲಿಟ್ಟದ್ದು 2011ರ ಜುಲೈನಲ್ಲಿ. ಸಿಡಿ ಕೊಳ್ಳುವವರೇ ಇಲ್ಲವಾದ ಮೇಲೆ ಬೀದಿಯಲ್ಲಿ ನಿಂತು ಕೈಗೆ ಏನನ್ನು ಕೊಡುವುದು? ಒಂದು ಸಲ ಹಾಡು ಕೇಳಿದ್ದಕ್ಕೆ ಒಂದು ಸೆಂಟಿನ ಅರ್ಧಕ್ಕಿಂತಲೂ ಕಡಿಮೆ ಕೊಡುವ ವ್ಯವಸ್ಥೆಯಲ್ಲಿ, ಐದು ಡಾಲರಿನ ಒಂದು ಸಿಡಿಯ ಆದಾಯಕ್ಕೆ ಸಾವಿರಕ್ಕೂ ಹೆಚ್ಚು ಸಲ ಹಾಡು ಓಡಬೇಕು. 2024ರಿಂದ ಆ ಸಂಸ್ಥೆ ವರ್ಷಕ್ಕೆ 1,000 ಸಲವಾದರೂ ಕೇಳದ ಹಾಡಿಗೆ ಧ್ವನಿಮುದ್ರಿಕೆಯ ಹಣವನ್ನೇ ಕೊಡುತ್ತಿಲ್ಲ. ಇಂಥ ಕಾಲದಲ್ಲಿ ಸ್ವತಂತ್ರ ಕಲಾವಿದನ ಮುಖ್ಯ ಆದಾಯ ವೇದಿಕೆಯ ಕಾರ್ಯಕ್ರಮಗಳಿಂದ ಬರುತ್ತದೆ. ಈತನೂ ಅದನ್ನೇ ನೆಚ್ಚಿಕೊಂಡವನು. ಹೊಸ ಕೃತಿ ಇಲ್ಲದಿರುವುದನ್ನು ನಾನು ಸೋಲೆನ್ನುವುದಿಲ್ಲ, ಕೊರತೆ ಎನ್ನುತ್ತೇನೆ. ಎರಡನೆಯ ಆಲ್ಬಮಿನ ಎತ್ತರವನ್ನು ಆತ ಮತ್ತೆ ಮುಟ್ಟಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಸರ್, ನಾನು ಉತ್ತರ ಕರ್ನಾಟಕದ ಆಡುಮಾತಿನಲ್ಲಿ ರ‍್ಯಾಪ್ ಬರೆದು ಹಾಡುತ್ತೇನೆ. ರೈತರ ಸಾಲ, ಊರಿನ ಕೆರೆ ಒತ್ತುವರಿ ನನ್ನ ವಿಷಯಗಳು. ನನ್ನ ಒಂದು ಹಾಡು ಚೆನ್ನಾಗಿ ಓಡಿದ ಮೇಲೆ ಕಂಪನಿಯೊಂದು ಒಪ್ಪಂದ ಪತ್ರ ಕಳಿಸಿದೆ. ಮುಂಗಡ 50,000 ರೂಪಾಯಿ, ಐದು ಹಾಡು, ಎಲ್ಲ ಹಕ್ಕು ಶಾಶ್ವತವಾಗಿ ಅವರಿಗೆ. ಸಹಿ ಹಾಕಲೇ? (ಹುಬ್ಬಳ್ಳಿಯ ಯುವಕ)

ಉತ್ತರ: ಈಗಿರುವ ರೂಪದಲ್ಲಿ ಹಾಕಬೇಡಿ. ಭಾರತದ ಕಾನೂನು ಈ ವಿಷಯದಲ್ಲಿ ನಿಮ್ಮ ಕೈಹಿಡಿಯುತ್ತದೆ, ಆದರೆ ನೀವು ಅದನ್ನು ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಅವಧಿಗೆ, ಯಾವ ಪ್ರದೇಶಕ್ಕೆ ಎಂಬುದು ಅದರಲ್ಲಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯ್ದೆ ಭಾವಿಸುತ್ತದೆ. ನಿಮ್ಮ ಪತ್ರದಲ್ಲಿ 'ಶಾಶ್ವತವಾಗಿ' ಎಂದು ಬರೆದಿರುವುದು ಈ ಐದು ವರ್ಷದ ರಕ್ಷಣೆ ನಿಮಗೆ ಸಿಗಬಾರದೆಂದೇ. 2012ರ ತಿದ್ದುಪಡಿಯ ನಂತರ ಗೀತರಚನಕಾರ ಮತ್ತು ಸಂಯೋಜಕರು ರಾಯಲ್ಟಿಯ ಸಮಪಾಲು ಪಡೆಯುವ ಹಕ್ಕನ್ನು ಕಂಪನಿಗೆ ಬಿಟ್ಟುಕೊಡಲು ಬರುವುದಿಲ್ಲ. ಪತ್ರದಲ್ಲಿ ಬಿಟ್ಟುಕೊಟ್ಟಿದ್ದೇನೆ ಎಂದು ಬರೆದಿದ್ದರೂ ಅದು ನಿಲ್ಲದು. ಐಪಿಆರ್‌ಎಸ್ ಎಂಬ, ಗೀತರಚನಕಾರರು ಮತ್ತು ಸಂಯೋಜಕರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಸಂಸ್ಥೆಯ ಸದಸ್ಯರಾದರೆ ಆ ಪಾಲು ಅವರ ಮೂಲಕ ಬರುತ್ತದೆ.

ಧ್ವನಿಮುದ್ರಿಕೆಯ ವಿಷಯ ಬೇರೆ. ಅದನ್ನು ಮಾಡಿಸುವ ಹೊಣೆ ಮತ್ತು ಮುಂದಾಳ್ತನ ಯಾರದೋ ಅವರೇ ನಿರ್ಮಾಪಕರು, ಮಾಸ್ಟರ್ ಅವರದು. ನೀವೇ ಖರ್ಚು ಹಾಕಿ ರೆಕಾರ್ಡ್ ಮಾಡಿಸಿದ ಆ ಮೊದಲ ಹಾಡು ಈಗ ನಿಮ್ಮದು. ಅದನ್ನು ಈ ಐದು ಹಾಡುಗಳ ಪಟ್ಟಿಯಲ್ಲಿ ಸೇರಿಸಿದ್ದಾರೆಯೇ ಎಂದು ಮೊದಲು ನೋಡಿ. ಬೀಟನ್ನು, ಅಂದರೆ ಹಾಡಿನ ಹಿನ್ನೆಲೆ ಸಂಗೀತವನ್ನು, ಆನ್‌ಲೈನಿನಲ್ಲಿ ಕೊಂಡಿದ್ದರೆ ಅದರ ಪರವಾನಗಿಯನ್ನೂ ಹುಡುಕಿ ತೆಗೆದಿಡಿ. ಅಗ್ಗದ ಪರವಾನಗಿಗಳಲ್ಲಿ ಎಷ್ಟು ಸಲ ಓಡಬಹುದು ಎಂಬುದಕ್ಕೆ ಮಿತಿ ಇರುತ್ತದೆ. ಅಂಥ ಬೀಟಿನ ಮೇಲಿನ ಹಾಡಿಗೆ ಪೂರ್ಣ ಹಕ್ಕು ಕೊಡುತ್ತೇನೆಂದು ಸಹಿ ಹಾಕಿದರೆ, ಇಲ್ಲದ ಹಕ್ಕನ್ನು ಮಾರಿದ ತಪ್ಪು ನಿಮ್ಮ ತಲೆಗೆ ಬರುತ್ತದೆ.

ಜನಪ್ರಿಯತೆ ಬಂದರೆ ಹಣ ತಾನಾಗಿ ಬರುತ್ತದೆ ಎಂದು ಗೆಳೆಯರು ಹೇಳಬಹುದು. 2021ರಲ್ಲಿ ತಮಿಳಿನ 'ಎಂಜಾಯ್ ಎಂಜಾಮಿ' ಹಾಡನ್ನು ಕೇಳದ ಕಿವಿಯಿರಲಿಲ್ಲ. ಭೂಮಿ ಕಳೆದುಕೊಂಡ ಕೂಲಿಗಳ ಕಥೆಯನ್ನು ಅರಿವು ಮತ್ತು ಧೀ ಹಾಡಿದ್ದರು. ಆ ಹಾಡಿನಿಂದ ತಮಗೆ ಒಂದು ಪೈಸೆಯ ಆದಾಯವೂ ಬಂದಿಲ್ಲವೆಂದು ಅದರ ಸಂಗೀತ ನಿರ್ಮಾಪಕ ಸಂತೋಷ್ ನಾರಾಯಣನ್ 2024ರಲ್ಲಿ ಬಹಿರಂಗವಾಗಿ ಹೇಳಿದರು.

ಕಂಪನಿಯ ಜೊತೆ ಕೆಲಸವನ್ನೇ ಮಾಡಬಾರದು ಎಂದು ನಾನು ಹೇಳುವುದಿಲ್ಲ. ನಿಮಗೆ ಸ್ಟುಡಿಯೋ ಬೇಕು, ವಿಡಿಯೋ ಬೇಕು, 50,000 ರೂಪಾಯಿ ಸಣ್ಣ ಮೊತ್ತವೂ ಅಲ್ಲ. ಹಾರ್ಲೆಮ್‌ನ ರ‍್ಯಾಪರ್‌ಗೆ ಬ್ಯಾಟಲ್‌ಗಳ ಗೆಲುವಿನ ಹಣವಿತ್ತು, ಪಕ್ಕದ ಬೀದಿಯಲ್ಲೇ ಕೊಳ್ಳುವ ಸಾವಿರಾರು ಜನರಿದ್ದರು. ಅವನ ದಾರಿ ನಿಮಗೆ ಹಾಗೆಯೇ ಒಪ್ಪುವುದಿಲ್ಲ. ಆದ್ದರಿಂದ ಮೂರು ಬದಲಾವಣೆ ಕೇಳಿ: 'ಶಾಶ್ವತವಾಗಿ' ಎಂಬಲ್ಲಿ ಐದು ವರ್ಷ, 'ಎಲ್ಲ ಹಕ್ಕು' ಎಂಬಲ್ಲಿ ವಿತರಣೆಯ ಹಕ್ಕು ಮಾತ್ರ, ಮತ್ತು ಸಾಹಿತ್ಯದಲ್ಲಿ ಒಂದು ಪದ ಬದಲಿಸಬೇಕಾದರೂ ನಿಮ್ಮ ಲಿಖಿತ ಒಪ್ಪಿಗೆ. ಕೆರೆ ನುಂಗಿದವರ ಹೆಸರು ನಿಮ್ಮ ಹಾಡಿನಲ್ಲಿದ್ದರೆ ಮೂರನೆಯದು ಮೊದಲ ಎರಡಕ್ಕಿಂತ ಮುಖ್ಯ. ಆ ಹೆಸರುಗಳಿಗೆ ದಾಖಲೆ ಇದೆಯೇ ಎಂಬುದನ್ನೂ ಹಾಡು ಹೊರಬರುವ ಮೊದಲೇ ವಕೀಲರಿಗೆ ತೋರಿಸಿ. ಕಂಪನಿಯವರು ಯಾವುದನ್ನೂ ಬದಲಿಸಲಾಗದು, ಇದು ಎಲ್ಲರಿಗೂ ಕೊಡುವ ನಮೂನೆ ಎಂದರೆ, ಆ ಮಾತನ್ನು ಇಮೇಲಿನಲ್ಲಿ ಬರೆದು ಕಳಿಸಲು ಹೇಳಿ, ಪತ್ರವನ್ನು ಸಹಿ ಮಾಡದೆ ಹಿಂದಿರುಗಿಸಿ.